ಯಾರ ವಿಮಾನ, ಯಾರ ಸಾಲ

2025ರ ಮೇ ತಿಂಗಳಲ್ಲಿ ಸರ್ಕಾರದ ಒಂದು ಆದೇಶ ಹೊರಬಿತ್ತು. ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರ ನೇಮಕ. ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ. ಕರ್ನಾಟಕದಲ್ಲಿ ಗದ್ದಲ ಎದ್ದಿತು. ಕನ್ನಡದ ನಟಿಯರು ಇರಲಿಲ್ಲವೇ, ನೂರು ವರ್ಷದ ಸೋಪಿಗೆ ಈಗ ಪರಿಚಯ ಮಾಡಿಸಬೇಕೇ, ನಮ್ಮ ದುಡ್ಡನ್ನು ಹೀಗೆ ಸುರಿಯುವುದಕ್ಕೆ ಇವರು ಯಾರು? ಹೊರರಾಜ್ಯಗಳ ಮಾರುಕಟ್ಟೆ ಹಿಡಿಯಲು ಇದು ಬೇಕಾಗಿತ್ತು ಎಂದು ಸಚಿವ ಎಂ.ಬಿ. ಪಾಟೀಲರು ಸಮಜಾಯಿಷಿ ಕೊಟ್ಟರೂ ಸಿಟ್ಟು ಬೇಗ ಇಳಿಯಲಿಲ್ಲ. ಆ ಸೋಪು ತಯಾರಾಗುವುದು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ. ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು.

ಅದಕ್ಕೂ ಮೂರೂವರೆ ವರ್ಷ ಮೊದಲು, 2021ರ ಅಕ್ಟೋಬರ್ 8ರಂದು, ಭಾರತ ಸರ್ಕಾರ ಏರ್ ಇಂಡಿಯಾವನ್ನು ಟಾಟಾ ಸಮೂಹಕ್ಕೆ ಮಾರಿರುವುದಾಗಿ ಪ್ರಕಟಿಸಿತು. 68 ವರ್ಷ ಈ ದೇಶದ ಪ್ರಜೆಗಳಿಗೆ ಸೇರಿದ್ದ ಸಂಸ್ಥೆ ಅದು. ಬೀದಿಯಲ್ಲಿ ಯಾರೂ ಕೂಗಲಿಲ್ಲ. ನೌಕರರ ಸಂಘಗಳು ತಮ್ಮ ಪಿಂಚಣಿ, ವಸತಿಗೃಹ, ವೈದ್ಯಕೀಯ ಸೌಲಭ್ಯಗಳ ಬಗ್ಗೆ ಕೇಳಿದವು, ಅಷ್ಟೆ. ಉಳಿದವರು ಪತ್ರಿಕೆ ಓದಿ, ಸದ್ಯ ಒಂದು ಪೀಡೆ ತೊಲಗಿತು ಎಂದು ಪುಟ ತಿರುವಿದರು.

ಸೋಪು ನಮ್ಮದಾದದ್ದು, ವಿಮಾನ ನಮ್ಮದಾಗದೆ ಹೋದದ್ದು ಹೇಗೆ? ಕಾನೂನಿನ ಕಣ್ಣಿಗೆ ಎರಡೂ ಒಂದೇ: ಸಾರ್ವಜನಿಕ ಆಸ್ತಿ. ದಿನವೂ ಕೈಗೆ ಸಿಗುವ ವಸ್ತುವಿನ ಮೇಲೆ ಪ್ರೀತಿ ಹೆಚ್ಚು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಪ್ರಶ್ನೆಗೆ ಅದಕ್ಕಿಂತ ಹಳೆಯ ಬೇರುಗಳಿವೆ. ನನ್ನದು ಎಂಬ ಭಾವವನ್ನು ಬಿಡು ಎನ್ನುತ್ತವೆ ನಮ್ಮ ಧರ್ಮಗ್ರಂಥಗಳು. ಈಶಾವಾಸ್ಯ ಉಪನಿಷತ್ತು ಶುರುವಾಗುವುದೇ ಅಲ್ಲಿಂದ. ಗೀತೆ ಆ ಮಾತನ್ನು ಮತ್ತೆ ಮತ್ತೆ ಆಡುತ್ತದೆ. ಆ ಲೆಕ್ಕದಲ್ಲಿ ಯಾರೊಬ್ಬರದೂ ಅಲ್ಲದ, ಎಲ್ಲರಿಗೂ ಸೇರಿದ ವಿಮಾನ ಸಂಸ್ಥೆ ಒಂದು ಬಗೆಯ ಆದರ್ಶ ವಸ್ತುವಾಗಬೇಕಿತ್ತು. ಆಗಿದ್ದು, ಆರು ದಶಕ ಕಳೆಯುವ ಹೊತ್ತಿಗೆ, ದಿನಕ್ಕೆ ಸುಮಾರು 20 ಕೋಟಿ ರೂಪಾಯಿ ಕರಗಿಸುವ ಯಂತ್ರ. ನನ್ನದು ಎನ್ನುವವರು ಇಲ್ಲದ ವಸ್ತುವನ್ನು ಜೋಪಾನ ಮಾಡುವವರು ಯಾರು ಎಂಬುದಕ್ಕೆ ಉಪನಿಷತ್ತಿನಲ್ಲಿ ಉತ್ತರ ಇದೆಯೇ?

ಬೆಂಗಳೂರಿನ ಪಶ್ಚಿಮದಲ್ಲಿ ಕುಳಿತು ಇದನ್ನು ಯೋಚಿಸುವುದಕ್ಕೆ ಒಂದು ಅನುಕೂಲ ಇದೆ. ಇಲ್ಲಿ ಎರಡು ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದಕ್ಕೆ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರು, ಇನ್ನೊಂದಕ್ಕೆ ಬಸವಣ್ಣನವರ ಹೆಸರು. ರಾಜಾಜಿನಗರದಲ್ಲಿ ಹಾಲು ತಂದು ಬಸವೇಶ್ವರನಗರದಲ್ಲಿ ಕಾಫಿ ಕುಡಿಯುವ ಮಂದಿಗೆ ಗಡಿ ಎಲ್ಲಿ ಎಂಬುದೂ ನೆನಪಿರುವುದಿಲ್ಲ. ಆದರೆ ಎಂಟು ಶತಮಾನಗಳ ಅಂತರದಲ್ಲಿ ಬದುಕಿದ ಆ ಇಬ್ಬರೂ ತಲೆಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ: ತನ್ನದಲ್ಲದ ಸಂಪತ್ತಿನ ಬೀಗದಕೈ ಹಿಡಿದವನು ಹೇಗಿರಬೇಕು?

ವಿಮಾನದ ಕಥೆ ಖಾಸಗಿಯಾಗಿಯೇ ಶುರುವಾಯಿತು, ಅದೂ ಕನ್ನಡದ ನೆಲವನ್ನು ಮುಟ್ಟಿಕೊಂಡು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್‌ನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮುಂಬೈಗೂ ಮದರಾಸಿಗೂ ನಡುವೆ ಇಳಿಯುತ್ತಿದ್ದ ಜಾಗ ಬಳ್ಳಾರಿ. ಆಗಿನ್ನೂ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಹೀಗೆ ಏರ್ ಇಂಡಿಯಾದ ಮೊಟ್ಟಮೊದಲ ಮಾರ್ಗದಲ್ಲೇ ಇತ್ತು. ಬೆಂಗಳೂರು ಇರಲಿಲ್ಲ ಎಂಬುದನ್ನು ಬಳ್ಳಾರಿಯವರು ಬೇಕಾದರೆ ಹೆಮ್ಮೆಯಿಂದ ಹೇಳಿಕೊಳ್ಳಬಹುದು.

1946ರಲ್ಲಿ ಟಾಟಾ ಏರ್‌ಲೈನ್ಸ್ ‘ಏರ್ ಇಂಡಿಯಾ’ ಎಂಬ ಸಾರ್ವಜನಿಕ ಷೇರಿನ ಕಂಪನಿಯಾಯಿತು. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಹೆಸರಿನ ವಿಮಾನ ಮುಂಬೈನಿಂದ ಕೈರೋ, ಜಿನೀವಾ ಮೂಲಕ ಲಂಡನ್‌ಗೆ ಹಾರಿತು. ಆ ವಿದೇಶಿ ಸೇವೆಯ ಕಂಪನಿಯಲ್ಲಿ ಸರ್ಕಾರದ ಪಾಲು ಶೇ 49. ಐದು ವರ್ಷದ ನಂತರ, 1953ರ ಆಗಸ್ಟ್ 1ರಂದು, ಎಲ್ಲವೂ ಸರ್ಕಾರದ್ದಾಯಿತು. ವಿದೇಶಕ್ಕೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್. ಎಂಟು ಕಂಪನಿಗಳನ್ನು ಒಟ್ಟುಗೂಡಿಸಿ ಕಟ್ಟಿದ್ದು ಈ ಎರಡನೆಯದು. ಅವುಗಳಲ್ಲಿ ಹೈದರಾಬಾದ್ ಸಂಸ್ಥಾನದ ದೊಡ್ಡ ಪಾಲಿದ್ದ ಡೆಕ್ಕನ್ ಏರ್‌ವೇಸ್ ಕೂಡ ಒಂದು. ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಡಕೋಟಾ ವಿಮಾನಗಳನ್ನು ಕೊಂಡು ಹುಟ್ಟಿದ್ದ ಈ ಕಂಪನಿಗಳಲ್ಲಿ ಬಹುಪಾಲಿನವು ಆಗಲೇ ಏದುಸಿರು ಬಿಡುತ್ತಿದ್ದವು. ಆದ್ದರಿಂದ ರಾಷ್ಟ್ರೀಕರಣವೆಂದರೆ ಲಾಭದ ಗಂಟನ್ನು ಸರ್ಕಾರ ಕಿತ್ತುಕೊಂಡಿತು ಎಂದು ಹೇಳುವುದು ಏರ್ ಇಂಡಿಯಾಕ್ಕೆ ಒಂದಷ್ಟು ಒಪ್ಪೀತು, ಉಳಿದವಕ್ಕೆ ಒಪ್ಪದು.

ಜೆ.ಆರ್.ಡಿ. ಈ ಕ್ರಮವನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು. ಆದರೂ ನೆಹರೂ ಕೇಳಿಕೊಂಡಾಗ ಏರ್ ಇಂಡಿಯಾದ ಅಧ್ಯಕ್ಷ ಸ್ಥಾನ ಒಪ್ಪಿಕೊಂಡರು, ಸಂಬಳವಿಲ್ಲದೆ. ಈ ಇಡೀ ಇತಿಹಾಸದಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿ ನಿಂತು ನೋಡಬೇಕಾದ ಅವಧಿ ಇದು: 1953ರಿಂದ 1978ರವರೆಗಿನ 25 ವರ್ಷ. ಕಟ್ಟಿದವನ ಕೈಯಿಂದ ಒಡೆತನ ಹೋಗಿದೆ. ಕೆಲಸ ಮಾತ್ರ ಉಳಿದಿದೆ. ಲಾಭ ಬಂದರೆ ಅವನಿಗೆ ಒಂದು ಕಾಸೂ ಇಲ್ಲ. ಹಾಗಿದ್ದೂ ಆತ ಪ್ರತಿ ಪ್ರಯಾಣದ ನಂತರ ಉದ್ದುದ್ದ ಟಿಪ್ಪಣಿ ಬರೆದು ಕಳಿಸುತ್ತಿದ್ದರು. ಚಹಾದ ಬಣ್ಣ, ಪರದೆಯ ಬಟ್ಟೆ, ಸೀಟು ಎಷ್ಟು ಹಿಂದಕ್ಕೆ ಬಾಗುತ್ತದೆ, ಯಾವುದನ್ನೂ ಬಿಡುತ್ತಿರಲಿಲ್ಲ. ಕೊಳೆಯಾಗಿದ್ದ ಕೌಂಟರನ್ನು ಅಧ್ಯಕ್ಷರೇ ಬಟ್ಟೆ ತೆಗೆದುಕೊಂಡು ಒರೆಸಿದ್ದನ್ನು ಅವರ ಜೀವನ ಬರೆದವರು ದಾಖಲಿಸಿದ್ದಾರೆ. 1960ರಲ್ಲಿ ಬೋಯಿಂಗ್ 707 ಬಂತು, ನ್ಯೂಯಾರ್ಕ್‌ಗೆ ಸೇವೆ ಶುರುವಾಯಿತು. 1962ರಲ್ಲಿ ಏರ್ ಇಂಡಿಯಾ ಬರೀ ಜೆಟ್ ವಿಮಾನಗಳನ್ನೇ ಹಾರಿಸುವ ಜಗತ್ತಿನ ಮೊದಲ ಸಂಸ್ಥೆ ಎನಿಸಿಕೊಂಡಿತು. ಅದು ಸರ್ಕಾರಿ ಸಂಸ್ಥೆಯಾಗಿದ್ದಾಗಲೇ ಆದದ್ದು. ಸರ್ಕಾರ ಮುಟ್ಟಿದ್ದೆಲ್ಲ ಬೂದಿ ಎನ್ನುವವರು ಈ 25 ವರ್ಷವನ್ನು ಜಾಣತನದಿಂದ ಹಾರಿಕೊಂಡು ಮುಂದೆ ಹೋಗುತ್ತಾರೆ.

ಫಲದ ಆಸೆ ಬಿಟ್ಟು ಕೆಲಸ ಮಾಡು ಎಂಬ ಮಾತನ್ನು ಪ್ರವಚನದಲ್ಲಿ ಕೇಳುವುದು ಸುಲಭ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಪ್ರತಿ ಸಂಜೆ ಯಾವುದಾದರೊಂದು ಮಠದಲ್ಲೋ ಸಭಾಂಗಣದಲ್ಲೋ ಅದು ಕೇಳಿಸುತ್ತಲೇ ಇರುತ್ತದೆ. ಫಲವನ್ನು ಕಾನೂನೇ ಕಿತ್ತುಕೊಂಡ ಮೇಲೂ ಕೆಲಸದ ಮೇಲಿನ ಅಕ್ಕರೆ ಉಳಿಯುವುದು ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ಬೇಕಾದಾಗ ಪ್ರವಚನಕಾರರು ಪುರಾಣಕ್ಕೆ ಹೋಗುತ್ತಾರೆ. ಪಾರ್ಸಿ ಮನೆತನದ, ಫ್ರಾನ್ಸಿನಲ್ಲಿ ಹುಟ್ಟಿದ, ಮಹಾ ಧಾರ್ಮಿಕರೇನೂ ಅಲ್ಲದ ಜೆ.ಆರ್.ಡಿ. ಅವರ ಕಣ್ಣಿಗೆ ಬೀಳುವುದಿಲ್ಲ.

ನನ್ನದು ಎಂಬ ಭಾವದಲ್ಲಿ ಎರಡು ಬಗೆ ಇದೆಯೆಂದು ಇಲ್ಲಿ ಕಾಣುತ್ತದೆ. ಅನುಭವಿಸುವುದಕ್ಕೆ ನನ್ನದು ಎನ್ನುವುದು ಒಂದು. ಕೆಟ್ಟರೆ ಉತ್ತರ ಹೇಳುವುದಕ್ಕೆ ನನ್ನದು ಎನ್ನುವುದು ಇನ್ನೊಂದು. ಉಪನಿಷತ್ತು ಬಿಡು ಎಂದದ್ದು ಮೊದಲನೆಯದನ್ನು. ಎರಡನೆಯದನ್ನು ಬಿಡು ಎಂದು ಯಾವ ಗ್ರಂಥವೂ ಹೇಳಿಲ್ಲ. ಗಾಂಧೀಜಿಯ ಧರ್ಮದರ್ಶಿತ್ವದ ವಿಚಾರ ನಿಂತಿದ್ದು ಈ ಭೇದದ ಮೇಲೆಯೇ. ಆ ಅರ್ಥ ತಮಗೆ ಹೊಳೆದದ್ದು ಗೀತೆಯ ಓದಿನಿಂದ ಮತ್ತು ವಕೀಲಿ ಕಲಿಯುವಾಗ ಓದಿದ ಸ್ನೆಲ್‌ನ ನ್ಯಾಯಶಾಸ್ತ್ರದ ಪುಸ್ತಕದಿಂದ ಎಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೋಟಿಗಟ್ಟಲೆ ಹಣ ತನ್ನ ಹಿಡಿತದಲ್ಲಿದ್ದರೂ ಅದರಲ್ಲಿ ಒಂದು ಬಿಲ್ಲೆಯೂ ತನ್ನದಲ್ಲ ಎಂದು ನಡೆಯುವವನು ಧರ್ಮದರ್ಶಿ. ಇಂಗ್ಲಿಷ್ ಕಾನೂನು ಮತ್ತು ಕುರುಕ್ಷೇತ್ರ ಹೀಗೆ ಕೈಕುಲುಕಿದ್ದು ಅಪರೂಪದ ಘಟನೆ.

ರಾಜಾಜಿ ಗಾಂಧೀಜಿಯ ಬೀಗರು, ಆ ವಿಚಾರದ ವಾರಸುದಾರರೂ ಹೌದು. 1959ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ನೆಹರೂ ಅವರ ಆರ್ಥಿಕ ನೀತಿಯನ್ನು ಎದುರಿಸಿ ಸ್ವತಂತ್ರ ಪಕ್ಷ ಕಟ್ಟಿದಾಗ ಅದರ ತತ್ವಗಳಲ್ಲಿ ಧರ್ಮದರ್ಶಿತ್ವವನ್ನೂ ಸೇರಿಸಿದರು. ಅವರ ವಾದದ ತಿರುಳು: ಸಂಪತ್ತನ್ನು ಸರ್ಕಾರಕ್ಕೆ ವರ್ಗಾಯಿಸಿದ ಮಾತ್ರಕ್ಕೆ ಲೋಭ ಸಾಯುವುದಿಲ್ಲ, ಅದು ಲೈಸೆನ್ಸ್ ಪರ್ಮಿಟ್ಟುಗಳ ಮೇಜಿನ ಹಿಂದೆ ಕುಳಿತುಕೊಳ್ಳುತ್ತದೆ. ತಮಾಷೆಯೆಂದರೆ ಅವರ ಹೆಸರಿನ ಬಡಾವಣೆಯೇ ಸರ್ಕಾರ ಯೋಜನೆ ಹಾಕಿ ಎಬ್ಬಿಸಿದ ಕೈಗಾರಿಕಾ ಉಪನಗರ. 1957ರಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಅಲ್ಲಿಗೇ ಬಂತು. 1916ರ ಆಸುಪಾಸಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮಹಾಯುದ್ಧದಿಂದ ಯೂರೋಪಿಗೆ ಹೋಗಲಾಗದೆ ಉಳಿದ ಗಂಧದ ಮರದಿಂದ ಹುಟ್ಟಿದ ಆ ಉದ್ಯಮ ಈಗ ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಮಿಕ್ಕಿ ವ್ಯಾಪಾರ ಮಾಡಿ, ಸರ್ಕಾರಕ್ಕೆ ಲಾಭಾಂಶ ಕೊಡುತ್ತಿದೆ. ರಾಜಾಜಿಯವರ ವಾದಕ್ಕೆ ಅವರದೇ ನಗರದಲ್ಲಿ ಸಿಕ್ಕ ಪ್ರತಿವಾದ ಇದು. ಆದರೆ ವಿಮಾನದ ವಿಷಯದಲ್ಲಿ ಅವರ ಮಾತು ಸುಳ್ಳಾಗಲಿಲ್ಲ.

ಅದಕ್ಕೆ ಮುಂಚೆ ಒಂದು ಆನೆಯ ವಿಷಯ ಹೇಳಿಬಿಡಬೇಕು. 1967ರಲ್ಲಿ ಏರ್ ಇಂಡಿಯಾ ತನ್ನ ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯಿಂದ ಪಿಂಗಾಣಿಯ ಆಷ್‌ಟ್ರೇ ಮಾಡಿಸಿತು. ಸಂಭಾವನೆಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿ. ಮರಿ ಹೋದದ್ದು ಬೆಂಗಳೂರಿನಿಂದ. ವಿಮಾನದಲ್ಲಿ ಜಿನೀವಾದವರೆಗೆ, ಅಲ್ಲಿಂದ ಲಾರಿಯಲ್ಲಿ ಸ್ಪೇನಿಗೆ. ಡಾಲಿಯ ಹುಚ್ಚು ಇಳಿದ ಮೇಲೆ ಅದು ವೆಲೆನ್ಸಿಯಾದ ಮೃಗಾಲಯ ಸೇರಿತು. ಈ ಪ್ರಸಂಗವನ್ನು ಏರ್ ಇಂಡಿಯಾದ ವೈಭವದ ದಿನಗಳ ರಸಗವಳವೆಂದು ಹೇಳುವ ವಾಡಿಕೆ. ಆ ವರ್ಷ ಬಿಹಾರದಲ್ಲಿ ಬರಗಾಲ. ದೇಶ ಅಮೆರಿಕದ ಗೋಧಿ ತಿನ್ನುತ್ತಿತ್ತು. ದೇಶಕ್ಕೆ ಸೇರಿದ ಸಂಸ್ಥೆ ಸೇವೆ ಮಾಡುತ್ತಿದ್ದದ್ದು ದೇಶದ ಯಾರಿಗೆ ಎಂಬ ಪ್ರಶ್ನೆ ಅದರ ಒಳ್ಳೆಯ ಕಾಲದಲ್ಲೂ ಇತ್ತು. ಆಗ ಯಾರೂ ಕೇಳಲಿಲ್ಲ. ಲಾಭ ಬರುತ್ತಿರುವಾಗ ಧರ್ಮಸೂಕ್ಷ್ಮಗಳು ಹೊಳೆಯುವುದು ಕಡಿಮೆ.

1978ರ ಫೆಬ್ರುವರಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ.ಯವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದುಹಾಕಿತು. ಅವರ ಜಾಗಕ್ಕೆ ಬಂದದ್ದು ನಿವೃತ್ತ ವಾಯುಪಡೆ ಮುಖ್ಯಸ್ಥ ಪಿ.ಸಿ. ಲಾಲ್. ಅನಂತರದ ಮೂರು ದಶಕಗಳ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಅಧ್ಯಕ್ಷರು ಬರುತ್ತಿದ್ದರು, ಹೋಗುತ್ತಿದ್ದರು, ತೀರ್ಮಾನಗಳು ದೆಹಲಿಯ ಸಚಿವಾಲಯದಲ್ಲಿ ಆಗುತ್ತಿದ್ದವು. 1994ರಲ್ಲಿ ಏಕಸ್ವಾಮ್ಯ ಹೋಯಿತು, ಖಾಸಗಿ ಸಂಸ್ಥೆಗಳು ಬಂದವು. ಹೊಡೆತ ಬಿದ್ದದ್ದು 2004ರಿಂದ 2007ರ ನಡುವೆ. ಆ ಅವಧಿಯಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ 111 ವಿಮಾನಗಳಿಗೆ ಬೇಡಿಕೆ ಇಟ್ಟವು: 68 ಬೋಯಿಂಗ್, 43 ಏರ್‌ಬಸ್. ಹೆಚ್ಚುಕಡಿಮೆ ಎಲ್ಲವೂ ಸಾಲದ ಮೇಲೆ. 2007ರಲ್ಲಿ ಎರಡೂ ಸಂಸ್ಥೆಗಳ ವಿಲೀನವಾಯಿತು. ಬೇರೆ ಬೇರೆ ವೇತನ, ಬೇರೆ ಬೇರೆ ಬಡ್ತಿ ಪಟ್ಟಿ, ಬೇರೆ ಬೇರೆ ವಿಮಾನಗಳ ಎರಡು ಕುಟುಂಬಗಳು ಒಂದೇ ಸೂರಿನಡಿ ವರ್ಷಗಟ್ಟಲೆ ಜಗಳವಾಡಿದವು. 2011ರಲ್ಲಿ ಮಹಾಲೇಖಪಾಲರು ಈ ಖರೀದಿಯನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಆದೇಶ ಕೊಟ್ಟವರು ಬೇರೆ ಖಾತೆಗಳಿಗೆ ಹೋಗಿಯಾಗಿತ್ತು. 2012ರಲ್ಲಿ ಸಂಸ್ಥೆಯನ್ನು ಎತ್ತಿ ನಿಲ್ಲಿಸಲು ಸುಮಾರು 30,000 ಕೋಟಿ ರೂಪಾಯಿಯ ಯೋಜನೆ ತಯಾರಾಯಿತು. ಅದು ನಿಲ್ಲಲಿಲ್ಲ.

ಬಸವೇಶ್ವರನಗರದ ಯಾವುದೇ ಶಾಲೆಯ ಮಗುವಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತು. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಾನೆ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಚ್ಚಾದದ್ದನ್ನು ಅಲ್ಲೇ ಹಾಕಿ ಬಾ ಎನ್ನುತ್ತಾಳೆ ಲಕ್ಕಮ್ಮ. ಇದನ್ನು ಬಡವರಿಗೆ ಸಂತೃಪ್ತಿ ಕಲಿಸುವ ಕಥೆಯಾಗಿ ಹೇಳುವುದೇ ಹೆಚ್ಚು. ಆದರೆ ಲಕ್ಕಮ್ಮ ಎತ್ತಿದ್ದು ಖರೀದಿಯ ಪ್ರಶ್ನೆ: ಬೇಕಾದದ್ದು ಎಷ್ಟು, ತಂದದ್ದು ಎಷ್ಟು, ಈ ವ್ಯತ್ಯಾಸ ಯಾಕೆ? 111 ವಿಮಾನಗಳ ಕಡತ ದೆಹಲಿಯ ಮೇಜಿನಿಂದ ಮೇಜಿಗೆ ಹೋಗುವಾಗ ಅದನ್ನು ತಡೆದು ಹೀಗೆ ಕೇಳುವ ಒಬ್ಬ ಲಕ್ಕಮ್ಮ ಇರಲಿಲ್ಲ.

ಬಸವಣ್ಣನವರ ವೃತ್ತಿಯನ್ನು ಅವರ ಭಕ್ತರು ಗೌರವದಿಂದ ನೆನೆಯುತ್ತಾರೆ, ಆದರೆ ಅದರ ಮೇಲೆ ಹೆಚ್ಚು ಯೋಚಿಸುವುದಿಲ್ಲ. ಅವರು ಬಿಜ್ಜಳನ ಭಂಡಾರಿ. ಇವತ್ತಿನ ಮಾತಿನಲ್ಲಿ ಸಾರ್ವಜನಿಕ ಹಣದ ಅಧಿಕಾರಿ. ಕಾವ್ಯ ಪುರಾಣಗಳು ಹೇಳುವ ಪ್ರಸಂಗ ಇದು: ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ಆಸ್ಥಾನದವರು ಬಿಜ್ಜಳನಿಗೆ ಚಾಡಿ ಹೇಳುತ್ತಾರೆ. ಲೆಕ್ಕ ಒಪ್ಪಿಸು ಎಂದು ದೊರೆ ಕೇಳುತ್ತಾನೆ. ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆಯಿಲ್ಲ. ಭಕ್ತರು ಇದನ್ನು ಪವಾಡ ಎನ್ನುತ್ತಾರೆ. ಪವಾಡವನ್ನು ನಂಬದವರಿಗೂ ಕಥೆಯಲ್ಲಿ ತೆಗೆದುಕೊಳ್ಳುವಂಥದ್ದು ಬೇಕಾದಷ್ಟಿದೆ. ಬಸವಣ್ಣ ತಾನು ದೊಡ್ಡ ಭಕ್ತ, ತನ್ನ ಉದ್ದೇಶ ಒಳ್ಳೆಯದು, ತನ್ನನ್ನು ಕೇಳುವುದು ಅಪಚಾರ ಎನ್ನಲಿಲ್ಲ. ದೂರು ಕೊಟ್ಟವರು ದ್ವೇಷಿಗಳು ಎಂದು ಹೇಳಿ ತಪ್ಪಿಸಿಕೊಳ್ಳಲೂ ಇಲ್ಲ. ಭಂಡಾರದ ಬಾಗಿಲು ತೆರೆದರು, ಅಂದೇ, ಕೇಳಿದವರ ಎದುರಿಗೇ.

ಕಾಯಕ ಮತ್ತು ದಾಸೋಹದ ಜೋಡಿಯೂ ಇದೇ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ದುಡಿದು ಬಂದದ್ದನ್ನು ಹಂಚುವುದು ದಾಸೋಹ. ದುಡಿಯದೆ ಹಂಚುವುದಕ್ಕೆ ಶರಣರ ಬಳಿ ಒಳ್ಳೆಯ ಹೆಸರೇನೂ ಇಲ್ಲ. ಏರ್ ಇಂಡಿಯಾದ ಕೊನೆಯ ದಶಕಗಳಲ್ಲಿ ಹಂಚಿಕೆ ಜೋರಾಗಿಯೇ ಇತ್ತು. ಸಚಿವಾಲಯಗಳು ಟಿಕೆಟ್ಟುಗಳನ್ನು ಕಡ ತೆಗೆದುಕೊಳ್ಳುತ್ತಿದ್ದವು. ಗಣ್ಯರ ವಿಶೇಷ ವಿಮಾನಗಳ ಬಾಬ್ತು ಸರ್ಕಾರವೇ ತನ್ನ ಸಂಸ್ಥೆಗೆ ನೂರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿತ್ತು. ಮಾರಾಟ ಪ್ರಕಟವಾದ ಅದೇ ತಿಂಗಳು ಹಣಕಾಸು ಸಚಿವಾಲಯ ಎಲ್ಲ ಇಲಾಖೆಗಳಿಗೂ ಸುತ್ತೋಲೆ ಕಳಿಸಿತು: ಏರ್ ಇಂಡಿಯಾದ ಬಾಕಿ ಕೂಡಲೇ ತೀರಿಸಿ, ಇನ್ನು ಮುಂದೆ ನಗದು ಕೊಟ್ಟು ಟಿಕೆಟ್ ಕೊಳ್ಳಿ. ತಮ್ಮದಾಗಿದ್ದಾಗ ಕೊಡದ ಹಣವನ್ನು ಪರರದಾದ ಕೂಡಲೇ ಕೊಡಬೇಕೆಂದು ಹೊಳೆದದ್ದು ನೋಡಿ.

ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಕೆಂಗಲ್ ಹನುಮಂತಯ್ಯನವರ ಕಾಲದ್ದು. ಕಟ್ಟಡ 1956ರಲ್ಲಿ ಮುಗಿಯಿತು. ಏರ್ ಇಂಡಿಯಾ ಸರ್ಕಾರದ ಕೈಗೆ ಬಂದದ್ದೂ ಆ ಕಟ್ಟಡ ಏಳುತ್ತಿದ್ದ ವರ್ಷಗಳಲ್ಲೇ. ಆ ತಲೆಮಾರಿಗೆ ಈ ಮಾತಿನಲ್ಲಿ ವ್ಯಂಗ್ಯ ಕೇಳಿಸುತ್ತಿರಲಿಲ್ಲ. ಆದರೆ ಅದಕ್ಕೆ ಎರಡು ಅರ್ಥ ಹಚ್ಚಬಹುದು ಎಂಬುದನ್ನು ಆಮೇಲಿನವರು ಕಂಡುಕೊಂಡರು. ದೇವರ ಕೆಲಸ, ಆದ್ದರಿಂದ ನಡುಗುವ ಕೈಯಿಂದ ಮಾಡಬೇಕು ಎಂಬುದು ಒಂದು. ದೇವರ ಕೆಲಸ, ಆದ್ದರಿಂದ ದೇವರೇ ನೋಡಿಕೊಳ್ಳುತ್ತಾನೆ ಎಂಬುದು ಇನ್ನೊಂದು.

ಮಾರಾಟದ ಲೆಕ್ಕಕ್ಕೆ ಬರೋಣ. 2018ರಲ್ಲಿ ಶೇ 76ರಷ್ಟು ಪಾಲು ಮಾರಲು ಹೊರಟಾಗ ಒಬ್ಬರೂ ಕೊಳ್ಳಲು ಬರಲಿಲ್ಲ. 2021ರ ಆಗಸ್ಟ್ ಕೊನೆಗೆ ಸಂಸ್ಥೆಯ ಸಾಲ 61,562 ಕೋಟಿ ರೂಪಾಯಿ. ಟಾಟಾ ಸಮೂಹ ಒಪ್ಪಿದ ಬೆಲೆ 18,000 ಕೋಟಿ. ಅದರಲ್ಲಿ 15,300 ಕೋಟಿ ಸಾಲವನ್ನು ಹೊತ್ತುಕೊಳ್ಳುವ ರೂಪದಲ್ಲಿ, 2,700 ಕೋಟಿ ನಗದು. ಉಳಿದ 46,262 ಕೋಟಿ ಸಾಲ ಸರ್ಕಾರದ ಇನ್ನೊಂದು ಕಂಪನಿಗೆ ವರ್ಗವಾಯಿತು. ಜೊತೆಗೆ 14,718 ಕೋಟಿ ಬೆಲೆಯ ಜಮೀನು, ಕಟ್ಟಡಗಳೂ ಅಲ್ಲಿಗೇ ಹೋದವು. ಕೂಡಿ ಕಳೆದು ಸರ್ಕಾರದ ತಲೆಯ ಮೇಲೆ ಉಳಿದದ್ದು 28,844 ಕೋಟಿ. 2022ರ ಜನವರಿ 27ರಂದು ಸಂಸ್ಥೆ ಹಸ್ತಾಂತರವಾಯಿತು.

ನಮ್ಮ ದಾರ್ಶನಿಕರಿಗೆ ಇದು ಹೊಸ ಸಮಸ್ಯೆ. ದೇಹ ಬಿಟ್ಟರೂ ಕರ್ಮ ಜೀವವನ್ನು ಬಿಡದು ಎಂದು ಜೈನ, ಬೌದ್ಧ, ವೈದಿಕ ಮೂರೂ ಕಡೆಯವರು ತಮ್ಮ ತಮ್ಮ ಬಗೆಯಲ್ಲಿ ಒಪ್ಪುತ್ತಾರೆ. ಹೊಸ ಜನ್ಮಕ್ಕೆ ಹಳೆಯ ಬಾಕಿ ಹಿಂಬಾಲಿಸಿ ಬರುತ್ತದೆ. ಇಲ್ಲಿ ಹೆಸರು, ವಿಮಾನ, ಮಾರ್ಗ, ಲಂಡನ್ ನ್ಯೂಯಾರ್ಕ್ ನಿಲ್ದಾಣಗಳಲ್ಲಿ ಇಳಿಯುವ ಹಕ್ಕು ಎಲ್ಲವೂ ಹೊಸ ಜನ್ಮಕ್ಕೆ ಹೋದವು. ಕರ್ಮದ ದೊಡ್ಡ ಗಂಟು ಮಾತ್ರ ನಮ್ಮಲ್ಲೇ ಉಳಿಯಿತು. 140 ಕೋಟಿ ಜನಕ್ಕೆ ಭಾಗಿಸಿದರೆ ತಲೆಗೆ ಸುಮಾರು 200 ರೂಪಾಯಿ. ವಿಜಯನಗರದ ಮಾರುಕಟ್ಟೆಯಲ್ಲಿ ಹೂವು ಕಟ್ಟುವ ಹೆಂಗಸು ತಾನು ಎಂದೂ ಹತ್ತದ ವಿಮಾನಕ್ಕೆ ಈ 200 ರೂಪಾಯಿ ಕೊಟ್ಟಿದ್ದಾಳೆ. ಅವಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಬಸ್ಸು ಉಚಿತವಾಯಿತು. ಅದು ಬಿಟ್ಟಿ ಭಾಗ್ಯವೇ, ರಾಜ್ಯ ದಿವಾಳಿಯಾಗುತ್ತದೆಯೇ ಎಂಬ ಚರ್ಚೆ ಟಿ.ವಿ.ಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ವಿಮಾನದ ಸಾಲದ ಬಗ್ಗೆ ಅದರ ಹತ್ತರಲ್ಲೊಂದು ಚರ್ಚೆಯೂ ಆಗಲಿಲ್ಲ. ದಾಸೋಹ ತಲೆಕೆಳಗಾಗಿ, ಹಸಿದವರು ಹೊಟ್ಟೆ ತುಂಬಿದವರಿಗೆ ಬಡಿಸಿದಾಗ ಅದಕ್ಕೆ ಯಾರೂ ಬಿಟ್ಟಿ ಎನ್ನುವುದಿಲ್ಲ.

ಹಾಗಾದರೆ ದೇಶಕ್ಕೆ ತನ್ನದೇ ವಿಮಾನ ಸಂಸ್ಥೆ ಬೇಡವೇ? 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದರು. ಮರುಭೂಮಿ ದಾಟಿ ಜೋರ್ಡನ್ನಿನ ಅಮ್ಮಾನ್ ಸೇರಿದ ಲಕ್ಷಕ್ಕೂ ಮಿಕ್ಕಿ ಜನರನ್ನು ಎರಡು ತಿಂಗಳಲ್ಲಿ, ಸುಮಾರು 500 ಹಾರಾಟಗಳಲ್ಲಿ ಏರ್ ಇಂಡಿಯಾ ಊರಿಗೆ ತಂದಿತು. ಗಿನ್ನೆಸ್ ದಾಖಲೆಗೂ ಅದು ಸೇರಿತು. ಇದು ಸರ್ಕಾರದ ವಿಮಾನದಿಂದ ಮಾತ್ರ ಸಾಧ್ಯ ಎಂದು ಹೇಳುತ್ತಿದ್ದವರು ಬಹಳ. 2022ರ ಫೆಬ್ರುವರಿ ಕೊನೆಯಲ್ಲಿ, ಟಾಟಾ ಕೈಗೆ ಹೋಗಿ ಒಂದು ತಿಂಗಳಷ್ಟೇ ಆಗಿದ್ದಾಗ, ಉಕ್ರೇನಿನಿಂದ ರೊಮೇನಿಯಾ ತಲುಪಿದ ವಿದ್ಯಾರ್ಥಿಗಳನ್ನು ತರಲು ಮೊದಲು ಹೋದದ್ದೂ ಅದೇ ಏರ್ ಇಂಡಿಯಾ. ಖರ್ಚು ಸರ್ಕಾರದ್ದು. ಬೀದರ್, ಕಲಬುರಗಿ, ಶಿವಮೊಗ್ಗದಂಥ ಊರುಗಳಿಗೆ ವಿಮಾನ ಹಾರಿಸಲು ಉಡಾನ್ ಯೋಜನೆಯಡಿ ಖಾಸಗಿ ಸಂಸ್ಥೆಗಳಿಗೆ ಸಹಾಯಧನ ಕೊಡುವ ಏರ್ಪಾಡಾಯಿತು. ಸರ್ಕಾರ ಹೊಣೆ ಹೊರಬೇಕಾದರೆ ವಿಮಾನದ ಒಡೆಯನೇ ಆಗಿರಬೇಕಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಒಡೆಯನಾಗಿದ್ದರೆ ಸಾಕು, ಹೊಣೆ ತಾನಾಗಿ ಬರುತ್ತದೆ ಎನ್ನುವುದಂತೂ ಇನ್ನೂ ದೊಡ್ಡ ಭ್ರಮೆ. ಅದನ್ನು ಮಂಗಳೂರಿನವರಷ್ಟು ಬಲ್ಲವರಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ಮೀರಿ ಕಮರಿಗೆ ಬಿತ್ತು. 158 ಜನ ಸತ್ತರು, ಬದುಕಿದ್ದು ಎಂಟು ಜನ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಲ್ಲಿ ಸಾವಾಯಿತು. ಗುರುತು ಹತ್ತದ 12 ದೇಹಗಳನ್ನು ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಮುಂದೆ ನಡೆದದ್ದು ಪರಿಹಾರದ ವ್ಯಾಜ್ಯ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಎಷ್ಟು ಕೊಡಬೇಕು ಎಂಬುದರ ಮೇಲೆ ಕುಟುಂಬಗಳು ತಮ್ಮದೇ ಸರ್ಕಾರದ ವಿಮಾನ ಸಂಸ್ಥೆಯ ಎದುರು ವರ್ಷಗಟ್ಟಲೆ ನ್ಯಾಯಾಲಯಗಳನ್ನು ಅಲೆದವು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2020ರ ಮೇ ಬಂದಿತ್ತು, ಅಪಘಾತವಾಗಿ ಹತ್ತು ವರ್ಷ. ದೇಶದ ಸಂಸ್ಥೆ ದೇಶದ ಜನರನ್ನು ಎದುರಾಳಿ ಕಕ್ಷಿದಾರರಂತೆ ಕಂಡಿತು. ಸತ್ತವರ ಮನೆಯವರೂ ಅದರ ಒಡೆಯರೇ ಎಂಬ ಮಾತು ಯಾವ ವಕೀಲರ ಕಡತದಲ್ಲೂ ಇರಲಾರದು.

ಖಾಸಗಿಯವರು ಇದಕ್ಕಿಂತ ಮೇಲು ಎಂದು ಹೇಳಲು ಬೆಂಗಳೂರಿಗರಿಗೆ ಬಾಯಿ ಬರುವುದಿಲ್ಲ. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಈ ಊರಿನಿಂದಲೇ ಏರ್ ಡೆಕ್ಕನ್ ಶುರುಮಾಡಿ, ಒಂದು ರೂಪಾಯಿ ಟಿಕೆಟ್ಟಿನ ಮೂಲಕ ವಿಮಾನವೆಂದರೆ ಶ್ರೀಮಂತರದು ಎಂಬ ಲೆಕ್ಕವನ್ನೇ ಬದಲಾಯಿಸಿದರು. ಜನಸಾಮಾನ್ಯರನ್ನು ಆಕಾಶಕ್ಕೆ ಏರಿಸುವ ಕೆಲಸವನ್ನು ಅರ್ಧ ಶತಮಾನ ರಾಷ್ಟ್ರೀಯ ಸಂಸ್ಥೆ ಮಾಡಿರಲಿಲ್ಲ. ಒಬ್ಬ ನಿವೃತ್ತ ಸೈನಿಕ, ರೇಷ್ಮೆ ಬೆಳೆದ ರೈತ ಮಾಡಿದ. ನಷ್ಟ ತಡೆಯದೆ 2007ರಲ್ಲಿ ಅದು ಯುಬಿ ಸಮೂಹದ ಕೈ ಸೇರಿ ಕಿಂಗ್‌ಫಿಷರ್‌ನೊಳಗೆ ಕರಗಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನೆಲಕಚ್ಚಿತು. ಸ್ಟೇಟ್ ಬ್ಯಾಂಕ್ ಮುಂದಾಳಾಗಿದ್ದ ಬ್ಯಾಂಕುಗಳ ಕೂಟಕ್ಕೆ ಬಡ್ಡಿಯೂ ಸೇರಿ ಸುಮಾರು 9,000 ಕೋಟಿ ಬಾಕಿ. ಆ ಬ್ಯಾಂಕುಗಳಲ್ಲಿ ಹೆಚ್ಚಿನವು ಸರ್ಕಾರದವು, ಅಂದರೆ ಮತ್ತೆ ಅದೇ ಹೂವು ಕಟ್ಟುವ ಹೆಂಗಸಿನವು. ಲಾಭದಲ್ಲಿ ಖಾಸಗಿ, ನಷ್ಟದಲ್ಲಿ ರಾಷ್ಟ್ರೀಯ ಎಂಬ ಮೂರನೆಯ ದರ್ಶನವೊಂದಿದೆ ಎಂಬುದನ್ನು ಕಂಡು ರಾಜಾಜಿ ಮತ್ತು ನೆಹರೂ ಇಬ್ಬರೂ ಸಮಾನವಾಗಿ ತಬ್ಬಿಬ್ಬಾಗುತ್ತಿದ್ದರು.

ಹೊಸ ಒಡೆಯರ ಪರೀಕ್ಷೆ 2025ರ ಜೂನ್ 12ರಂದು ಬಂತು. ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಬೋಯಿಂಗ್ 787 ಕ್ಷಣಾರ್ಧದಲ್ಲಿ ಬಿದ್ದು 260 ಜನ ಸತ್ತರು, ವಿಮಾನದಲ್ಲಿ 241 ಮತ್ತು ನೆಲದ ಮೇಲೆ 19. ಟಾಟಾ ಸಮೂಹ ಮೃತರ ಕುಟುಂಬಗಳಿಗೆ ತಲಾ ಒಂದು ಕೋಟಿ ಘೋಷಿಸಿತು, 500 ಕೋಟಿ ರೂಪಾಯಿಯ ಒಂದು ಟ್ರಸ್ಟ್ ಸ್ಥಾಪಿಸಿತು. ಬಜ್ಪೆಯ ನೆನಪಿರುವವರಿಗೆ ಈ ವೇಗ ಎದ್ದು ಕಾಣುತ್ತದೆ. ಆದರೆ ಬಸವಣ್ಣನ ಭಂಡಾರದ ಅಳತೆಗೋಲು ಹಿಡಿದರೆ ಹಣ ಕೊಡುವುದು ಅರ್ಧ ಕೆಲಸ. ಬಾಗಿಲು ತೆರೆದು ಎಣಿಸಲು ಬಿಡುವುದು ಉಳಿದರ್ಧ. ವಿಮಾನದ ನಿರ್ವಹಣೆ, ಪೈಲಟ್‌ಗಳ ತರಬೇತಿ, ತಪಾಸಣೆಯ ದಾಖಲೆ ಎಲ್ಲವೂ ಸಂಸ್ಥೆಯ ಕೈಯಲ್ಲಿರುತ್ತವೆ. ಅವನ್ನು ತರಿಸಿ ನೋಡಬೇಕಾದ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಪಘಾತ ತನಿಖಾ ಸಂಸ್ಥೆಗಳು ಸರ್ಕಾರದವು. ಒಡೆತನ ಮಾರಿದ ಮೇಲೆ ಸರ್ಕಾರಕ್ಕೆ ಉಳಿದ ದೇವರ ಕೆಲಸ ಇದೇ. ವಿಮಾನ ಹಾರಿಸುವುದಕ್ಕಿಂತ ಇದು ಕಷ್ಟದ್ದು. ಇಲ್ಲಿ ಸೋತರೆ ಖಾಸಗೀಕರಣದಿಂದ ಆದದ್ದು ಬರೀ ಫಲಕದ ಬದಲಾವಣೆ.

2024ರ ನವೆಂಬರ್ 12ರಂದು ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ವಿಸ್ತಾರಾದಲ್ಲಿ ಪಾಲುದಾರನಾಗಿದ್ದ ಸಿಂಗಪುರ ಏರ್‌ಲೈನ್ಸ್‌ಗೆ ಇದರಿಂದ ಏರ್ ಇಂಡಿಯಾದ ಶೇ 25.1ರಷ್ಟು ಪಾಲು ಸಿಕ್ಕಿತು. ಸಿಂಗಪುರ ಏರ್‌ಲೈನ್ಸ್‌ನ ಅರ್ಧಕ್ಕೂ ಹೆಚ್ಚು ಷೇರು ತೆಮಾಸೆಕ್‌ನ ಕೈಯಲ್ಲಿದೆ. ತೆಮಾಸೆಕ್ ಪೂರ್ತಿಯಾಗಿ ಸಿಂಗಪುರ ಸರ್ಕಾರಕ್ಕೆ ಸೇರಿದ್ದು. ವಿಮಾನ ಹಾರಿಸುವುದು ಸರ್ಕಾರದ ಕೆಲಸವಲ್ಲ ಎಂದು ಭಾರತ ಸರ್ಕಾರ ಕೈತೊಳೆದುಕೊಂಡ ಸಂಸ್ಥೆಯಲ್ಲಿ ಇನ್ನೊಂದು ಸರ್ಕಾರದ ದುಡ್ಡು ಹೀಗೆ ಬಂದು ಕುಳಿತಿದೆ. 2025ರಲ್ಲಿ ಸಿಂಗಪುರ ಏರ್‌ಲೈನ್ಸ್ ಪ್ರಕಟಿಸಿದ ಲೆಕ್ಕದಲ್ಲಿ ಅದರ ಲಾಭ ಇಳಿಯಲು ಕೊಟ್ಟ ಕಾರಣಗಳಲ್ಲಿ ಏರ್ ಇಂಡಿಯಾದ ನಷ್ಟವೂ ಒಂದು. ಬೀಗದಕೈ ಯಾರ ಕೈಗೆ ಕೊಟ್ಟಿದ್ದೀರಿ ಎಂದು ಕೇಳುವ ಸರದಿ ಈಗ ಅಲ್ಲಿನ ತೆರಿಗೆದಾರರದೂ ಹೌದು.